ಹುಬ್ಬಳ್ಳಿಯಿಂದ ಮುಂಬೈ, ಗಂಡ-ಹೆಂಡತಿ ಇಬ್ಬರೇ, ಶನಿವಾರ-ರವಿವಾರ: ಯಾವುದು ನೋಡಬೇಕು, ಯಾವುದು ಬಿಡಬೇಕು?

ಉಣಕಲ್ ದಂಡಿ

ಎಲ್ಲಾರಿಗೂ ನಮಸ್ಕಾರ್ರೀ. ಇಬ್ಬರ ಹೊಂಟೇವಿ, ಸಂಗಾಟ ಮಕ್ಕಳೂ ಇಲ್ಲ, ಹಿರಿಯರೂ ಇಲ್ಲ. ಶುಕ್ರವಾರ ಮಧ್ಯಾಹ್ನ ಹುಬ್ಬಳ್ಳಿ ಬಿಟ್ಟು, ಶನಿವಾರ-ರವಿವಾರ ಮುಂಬೈ ನೋಡಿ, ರವಿವಾರ ರಾತ್ರಿ ವಾಪಸ್ ರೈಲು ಹತ್ತಬೇಕು. ಇಬ್ಬರೂ ಶಾಖಾಹಾರಿ, ನಡಿಯಾಕ ಬ್ಯಾಸರಿಲ್ಲ. ಪಟ್ಟಿ ಹಿಂಗೈತಿ: ಗೇಟ್‌ವೇ, ಎಲಿಫೆಂಟಾ, ಮ್ಯೂಸಿಯಂ, ಮರೀನ್ ಡ್ರೈವ್, ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ, ಹ್ಯಾಂಗಿಂಗ್ ಗಾರ್ಡನ್, ಜುಹು, ಸೀ ಲಿಂಕ್, ಫಿಲ್ಮ್ ಸಿಟಿ, ಮ್ಯಾಲೆ ಒಂದೆರಡು ಸೀರಿ ಖರೀದಿ. ರೂಮು ಅಂಧೇರಿ ಕಡೆ ಅಗ್ಗ ಸಿಗಾಕತ್ತೈತಿ. ಮುಂಬೈ ದರ್ಶನ ಬಸ್ ಹತ್ತೋದು ಛೊಲೋನೋ, ನಾವ ತಿರುಗೋದು ಛೊಲೋನೋ?

ಮಾಟುಂಗಾ ಪೂರ್ವ

ಪಟ್ಟಿಯೊಳಗ ಜುಹು, ಫಿಲ್ಮ್ ಸಿಟಿ ಎರಡೂ ಹೊಡದು ಹಾಕ್ರಿ. ಮುಂಬೈ ಉತ್ತರ-ದಕ್ಷಿಣ ಉದ್ದಕ್ಕ ಚಾಚಿದ ಊರು. ನೀವು ಬರದದ್ದರೊಳಗ ಮುಕ್ಕಾಲು ಪಾಲು ದಕ್ಷಿಣದ ತುದಿಗೇ ಅದಾವ. ಆ ಎರಡಕ್ಕ ಅಂತ ಉತ್ತರಕ್ಕ ಹೋದ್ರ ಒಂದು ಇಡೀ ಮಧ್ಯಾಹ್ನ ದಾರಿಯೊಳಗ ಕಳೀತದ, ಸಮುದ್ರ ದಂಡಿ ಬೇಕಂದ್ರ ಗಿರಗಾಂವ್ ಚೌಪಾಟಿಯೊಳಗೂ ಅದ ಅರಬ್ಬಿ ಸಮುದ್ರ ಅದ.

ಅಂಧೇರಿ ರೂಮು ಬ್ಯಾಡ. ಅಂಧೇರಿಯಿಂದ ದಕ್ಷಿಣ ತುದಿಯ ಚರ್ಚ್‌ಗೇಟ್ ಸ್ಟೇಷನ್ 20 ಕಿ.ಮೀ ಮೇಲೆ. ರೂಮಿನೊಳಗ ಉಳಿಸಿದ ರೊಕ್ಕ ಹೋಗಿ-ಬರೋ ಹೊತ್ತಿನೊಳಗ ಮುಳುಗ್ತದ. ನಿಮ್ಮ ವಾಪಸ್ ಗಾಡಿ ದಾದರ್‌ನಿಂದ ಇದ್ರ ದಾದರ್ ಅಥವಾ ಮಾಟುಂಗಾದಾಗ ಇಳಕೊಳ್ರಿ. ಬರೇ ದಕ್ಷಿಣ ಮುಂಬೈ ನೋಡೋದಿದ್ರ ಫೋರ್ಟ್ ಇನ್ನೂ ಛೊಲೋ, ಆದ್ರ ಅಲ್ಲಿ ಅದೇ ರೊಕ್ಕಕ್ಕ ರೂಮು ಸಣ್ಣವು. ಕಿಟಕಿ ಅದನೋ ಇಲ್ಲೋ ಅಂತ ಬುಕ್ ಮಾಡೋ ಮೊದಲ ಫೋನ್ ಮಾಡಿ ಕೇಳ್ರಿ. ಹಳೇ ಕಟ್ಟಡದಾಗ ಒಂದು ದೊಡ್ಡ ಹಾಲ್‌ಗೆ ಪ್ಲೈವುಡ್ ಹೊಡದು ನಾಲ್ಕು ರೂಮು ಮಾಡಿರ್ತಾರ, ಫೋಟೋದೊಳಗ ಅದು ಗೊತ್ತಾಗಂಗಿಲ್ಲ. ಬಾಡಿಗಿ ದಿನಕ್ಕ 7,500 ರೂಪಾಯಿ ತನಕ ಇದ್ರ ಜಿಎಸ್‌ಟಿ 5%. ಬಿಲ್‌ನ್ಯಾಗ ಹಳೇ 12% ಹಾಕಿದ್ರ ಕೇಳ್ರಿ. ಇಬ್ಬರದೂ ಮೂಲ ಆಧಾರ್ ಅಥವಾ ಬ್ಯಾರೆ ಗುರುತಿನ ಚೀಟಿ ಬೇಕು, ಒಬ್ಬರದ ತೋರಿಸಿದ್ರ ನಡಿಯಂಗಿಲ್ಲ.

ದರ್ಶನ ಬಸ್ ವಿಷಯ: ಕಾಲು ನೋವು ಇದ್ದವರಿಗೆ, ಹಿರಿಯರನ್ನ ಕರಕೊಂಡು ಬಂದವರಿಗೆ ಅದು ಸರಿ. ನಡಿಯೋ ಮಂದಿಗೆ ಸರಿ ಹೊಂದಂಗಿಲ್ಲ. ಪಟ್ಟಿಯೊಳಗ ಹದಿನೈದು ಜಾಗ ಬರದಿರ್ತಾರ, ಅರ್ಧ "ಬಸ್‌ನಿಂದ ನೋಡುವುದು". ಇಳಿಸಿದಲ್ಲಿ ಅರ್ಧ ತಾಸು. ಎಲಿಫೆಂಟಾ ಆ ಬಸ್ಸಿನೊಳಗ ಬರೋದೇ ಇಲ್ಲ.

ಲೋಂಡಾ ಲೈನ್

ರೂಮಿಗಿಂತ ಮೊದಲು ಟಿಕೆಟ್. ಮೀಸಲಾತಿ 60 ದಿನ ಮುಂಚೆ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಪ್ರಯಾಣದ ದಿನ ಬಿಟ್ಟು ಎಣಿಸಬೇಕು. 120 ದಿನದ ಲೆಕ್ಕ 2024ರ ನವೆಂಬರ್ 1ಕ್ಕೇ ಮುಗಿಯಿತು.

ನಿಮಗೆ ಹೊಂದುವುದು 17317 ಹುಬ್ಬಳ್ಳಿ–ದಾದರ್. ಮಧ್ಯಾಹ್ನ ಹುಬ್ಬಳ್ಳಿ ಬಿಟ್ಟು, ಧಾರವಾಡ, ಬೆಳಗಾವಿ, ಮೀರಜ್, ಪುಣೆ ಮೇಲಿಂದ ನಸುಕಿಗೆ ದಾದರ್ ಮುಟ್ಟಿಸುತ್ತದೆ. ಗಾಡಿ ಹುಬ್ಬಳ್ಳಿಯಿಂದಲೇ ಹೊರಡುವುದರಿಂದ ಇಲ್ಲಿ ಹತ್ತಿ ಕೊನೆಯವರೆಗೆ ಹೋಗುವವರಿಗೆ ಸಾಮಾನ್ಯ ಕೋಟಾ ಸಿಗುತ್ತದೆ. ವೇಟಿಂಗ್ ಬಂದರೂ ಜಿಎನ್‌ಡಬ್ಲ್ಯೂಎಲ್ ಬರುತ್ತದೆ, ಅದು ಬೇಗ ಕರಗುವ ಪಟ್ಟಿ. ಚಾಲುಕ್ಯ, ಶರಾವತಿ, ತಿರುನೆಲ್ವೇಲಿ–ದಾದರ್ ಗಾಡಿಗಳೂ ಇವೆ, ಆದರೆ ಅವು ದೂರದಿಂದ ಬರುತ್ತವೆ, ದಿನಾ ಇಲ್ಲ, ನಡುವಿನ ಸ್ಟೇಷನ್‌ಗಳಿಗೆ ಸೀಟು ಕಡಿಮೆ. ಪಿಕ್ಯೂಡಬ್ಲ್ಯೂಎಲ್ (ನಡುವಿನ ಸ್ಟೇಷನ್‌ಗಳು ಹಂಚಿಕೊಳ್ಳುವ ಕೋಟಾ) ಅಂತ ವೇಟಿಂಗ್ ಬಂದಿದ್ದರೆ ಅದನ್ನು ನಂಬಿ ರೂಮಿಗೆ ದುಡ್ಡು ಕಟ್ಟಬೇಡಿ.

ಆನ್‌ಲೈನ್ ಟಿಕೆಟ್ ಚಾರ್ಟ್ ಆದಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿಯೇ ರದ್ದಾಗುತ್ತದೆ. "ಟಿಸಿಗೆ ಕೇಳಿದರಾಯಿತು" ಅಂತ ಅದೇ ಟಿಕೆಟ್ ಹಿಡಿದು ಹತ್ತಿದರೆ ಟಿಕೆಟ್ ಇಲ್ಲದ ಪ್ರಯಾಣದ ಲೆಕ್ಕ. ಒಬ್ಬರದು ಖಾತ್ರಿ, ಒಬ್ಬರದು ವೇಟಿಂಗ್ ಆಗಿ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮಾತ್ರ ಟಿಕೆಟ್ ಉಳಿಯುತ್ತದೆ. ಅದಕ್ಕೇ ಇಬ್ಬರದೂ ಒಂದೇ ಪಿಎನ್‌ಆರ್‌ನಲ್ಲಿ ತೆಗೆಸಿ. ತತ್ಕಾಲ್ ಎಸಿಗೆ ಹಿಂದಿನ ದಿನ 10 ಗಂಟೆ, ಸ್ಲೀಪರ್‌ಗೆ 11. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿರದಿದ್ದರೆ ಆ ಹೊತ್ತಿನಲ್ಲಿ ಏನೂ ಆಗುವುದಿಲ್ಲ. ಈಗಲೇ ಜೋಡಿಸಿ.

ಹತ್ತುವ ಸ್ಟೇಷನ್ ಆಮೇಲೆ ಧಾರವಾಡಕ್ಕೆ ಬದಲಿಸಿದರೆ ಹುಬ್ಬಳ್ಳಿಯಲ್ಲಿ ಆ ಸೀಟಿನ ಹಕ್ಕು ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಗಾಡಿ 8ನೇ ಪ್ಲಾಟ್‌ಫಾರ್ಮ್‌ಗೆ ಹಾಕಿದರೆ ಇನ್ನೂ ಹತ್ತು-ಹದಿನೈದು ನಿಮಿಷ ಮುಂಚೆ ಬನ್ನಿ. 1,507 ಮೀಟರ್ ಉದ್ದದ, ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಅದು. ಬ್ಯಾಗ್ ಹೊತ್ತು ತಪ್ಪು ತುದಿಗೆ ಹೋದರೆ ಹೆಮ್ಮೆಯೆಲ್ಲ ಇಳಿದುಹೋಗುತ್ತದೆ.

ಗದಗ ಬೆಟಗೇರಿ

ಗದಗ ಕಡೆಯವರು ಇದನ್ನ ಓದಿ ಹುಬ್ಬಳ್ಳಿಗೆ ಓಡಬ್ಯಾಡ್ರಿ. ಹೊಸಪೇಟೆ–ಮುಂಬೈ ಗಾಡಿ ಗದಗ ಮ್ಯಾಲಿಂದ ಬಾಗಲಕೋಟಿ, ವಿಜಯಪುರ, ಸೊಲ್ಲಾಪುರ ಹಿಡದು ಸೀದಾ ಸಿಎಸ್‌ಎಂಟಿಗೆ (ಹಳೇ ವಿಟಿ ಸ್ಟೇಷನ್) ಹೋಗತೈತಿ. ಇಳದ ಕೂಡಲೇ ಫೋರ್ಟ್. ಆ ಗಾಡಿ ಹತ್ತಿದವರು ರೂಮೂ ಅಲ್ಲೇ ಹಿಡೀರಿ, ದಾದರ್ ಲೆಕ್ಕ ನಮಗ ಬ್ಯಾಡ.

ಏಲಕ್ಕಿ ಹಾರ

ಹಾವೇರಿಯವರು ಹುಬ್ಬಳ್ಳಿಗೆ ಬಂದು ಹತ್ತಬೇಕಂದ್ರ ಎಷ್ಟು ಹೊತ್ತು ಮುಂಚೆ ಬಿಡಬೇಕು? ಮತ್ತ ಸ್ಲೀಪರ್ ಬಸ್ ಬಗ್ಗೆ ಯಾರೂ ಹೇಳಲಿಲ್ಲ. ಶಕ್ತಿ ಯೋಜನೆ ಮುಂಬೈ ಬಸ್ಸಿಗೆ ನಡೀತೈತಂತ ನಮ್ಮ ಓಣಿಯೊಳಗ ಸುದ್ದಿ.

ಲೋಂಡಾ ಲೈನ್

ಇಲ್ಲ ಅಕ್ಕಾರೆ, ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ಹಾವೇರಿಯಿಂದ ಹುಬ್ಬಳ್ಳಿಗೆ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು ಬನ್ನಿ. ಮುಂಬೈ ಬಸ್ಸಿಗೆ, ಸ್ಲೀಪರ್‌ಗೆ, ಎಸಿಗೆ ಪೂರ್ತಿ ದುಡ್ಡು.

ಹಾವೇರಿಯಿಂದ ರೈಲಿನಲ್ಲಿ ಬಂದು ಹುಬ್ಬಳ್ಳಿಯಲ್ಲಿ ಬದಲಿಸುವುದಾದರೆ ನಡುವೆ ಎರಡು ತಾಸಾದರೂ ಇರಲಿ. ಎರಡೂ ಮೀಸಲು ಟಿಕೆಟ್ ಇದ್ದರೆ, ಎರಡನೆಯದನ್ನು ಬುಕ್ ಮಾಡುವಾಗ ಐಆರ್‌ಸಿಟಿಸಿಯಲ್ಲಿ "ಕನೆಕ್ಟಿಂಗ್ ಜರ್ನಿ" ಅಂತ ಮೊದಲಿನ ಪಿಎನ್‌ಆರ್ ಜೋಡಿಸಿ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ದುಡ್ಡು ನಿಯಮದ ಪ್ರಕಾರ ವಾಪಸ್ ಕೇಳಬಹುದು. ಜೋಡಿಸದಿದ್ದರೆ ಕೇಳುವ ದಾರಿ ಇಲ್ಲ.

ಸ್ಲೀಪರ್ ಬಸ್: ವಾಯವ್ಯ ಸಾರಿಗೆಯವೂ ಇವೆ, ಖಾಸಗಿಯವೂ ಇವೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಮುಂಬೈ ಅಂತ ಹೇಳಿ ಮಾರುತ್ತಾರೆ, ಆದರೆ ತೊಂದರೆ ಇರುವುದು ಕೊನೆಯ ನೂರು ಕಿ.ಮೀನಲ್ಲಿ. ಬೆಳಿಗ್ಗೆ 7 ದಾಟಿ ಪನ್ವೇಲ್, ವಾಶಿ ಕಡೆ ಬಂದರೆ ಟ್ರಾಫಿಕ್‌ನಲ್ಲಿ ಒಂದೂವರೆ ತಾಸು ಕೂತಲ್ಲೇ ಹೋಗುತ್ತದೆ. ರೈಲಿಗೆ ಆ ತಾಪತ್ರಯ ಇಲ್ಲ. ಬಸ್ಸೇ ಗತಿ ಅಂದರೆ ಇಳಿಯುವ ಜಾಗ ಸಾಯನ್ ಅಂತ ಮಾಡಿಕೊಳ್ಳಿ. ಬೋರಿವಲಿ ತನಕ ಹೋಗುವ ಬಸ್ಸಿನಲ್ಲಿ ನಿದ್ದೆ ಹೋದರೆ ಊರಿನ ಆ ತುದಿಗೆ ಏಳುತ್ತೀರಿ.

ವಿಮಾನದಲ್ಲಿ ಹೋಗುವವರು ಟಿಕೆಟ್ ಮೇಲಿನ ನಿಲ್ದಾಣದ ಹೆಸರು ಓದಿ. ಮುಂಬೈಗೆ ಈಗ ಎರಡು ವಿಮಾನ ನಿಲ್ದಾಣ. ನವಿ ಮುಂಬೈನದು ಖಾಡಿಯ ಆಚೆ ದಂಡೆಗೆ, ಅಲ್ಲಿಂದ ದಕ್ಷಿಣ ಮುಂಬೈ ಬೇರೆಯೇ ಲೆಕ್ಕ.

ಉಣಕಲ್ ದಂಡಿ

ಟಿಕೆಟ್ ತಿಳೀತು. ಐದು-ಐದೂವರಿಗೆ ದಾದರ್ ಮುಟ್ಟಿದ್ವಿ ಅನ್ಕೊಳ್ರಿ. ಹೋಟೆಲ್‌ನವ್ರು 12ಕ್ಕ ಚೆಕ್ ಇನ್ ಅಂತಾರ. ಬ್ಯಾಗ್ ಎಲ್ಲಿ ಇಡೋದು, ಜಳಕ ಎಲ್ಲಿ ಮಾಡೋದು?

ಮಾಟುಂಗಾ ಪೂರ್ವ

ಮೂರು ದಾರಿ ಅದಾವ. ಒಂದು, ಹೋಟೆಲ್‌ಗೆ ಮುಂಚೇನ ಫೋನ್ ಮಾಡಿ "ರೂಮು 12ಕ್ಕ ಕೊಡ್ರಿ, ಬ್ಯಾಗ್ ಮಾತ್ರ ಬೆಳಿಗ್ಗೆ ಇಟ್ಕೊಳ್ರಿ" ಅಂತ ಕೇಳೋದು. ಬಹಳ ಮಂದಿ ಒಪ್ತಾರ. ಎರಡು, 24 ತಾಸಿನ ಚೆಕ್ ಇನ್ ಇರೋ ಲಾಡ್ಜ್ ಹುಡುಕೋದು. ಬೆಳಿಗ್ಗೆ 6ಕ್ಕ ಹೊಕ್ರ ಮರುದಿನ 6ಕ್ಕ ಬಿಡಬೇಕು, ಅದು ನೆನಪಿರಲಿ. ರವಿವಾರ ಇಡೀ ದಿನ ಬ್ಯಾಗ್ ಹೊತ್ಕೊಂಡ ತಿರುಗಬೇಕಾಗ್ತದ. ಮೂರನೇದು ಸ್ಟೇಷನ್ನಿನ ಕ್ಲೋಕ್ ರೂಮ್. ಬ್ಯಾಗಿಗೆ ಕೀಲಿ ಇರಲೇಬೇಕು. ಚೈನ್‌ಗೆ ಸಣ್ಣ ಕೀಲಿ ಇಲ್ಲದ್ರ ತಗೊಳ್ಳಂಗಿಲ್ಲ. ಟಿಕೆಟ್ ತೋರಿಸಬೇಕು, ಚೀಟಿ ಕಳಕೊಂಡ್ರ ಬಿಡಿಸಿಕೊಳ್ಳೋದು ದೊಡ್ಡ ಪಂಚಾಯತಿ, ಅದಕ್ಕ ಚೀಟಿಯ ಫೋಟೋ ತಕ್ಕೊಳ್ರಿ. ಜಳಕಕ್ಕ ಸ್ಟೇಷನ್ ವೇಟಿಂಗ್ ರೂಮ್ ಸಾಕು.

ದಾದರ್‌ನಾಗ ಇಳದ ಮೇಲೆ ಪಶ್ಚಿಮ ಬದಿಗೆ ಹೋದ್ರ ಸೇತುವೆ ಕೆಳಗ ಹೂವಿನ ಸಂತಿ. ನಸುಕಿನ್ಯಾಗ ಮಾತ್ರ ಅದರ ಗಮ್ಮತ್ತು. ಗೊಂಡೆ ಹೂವು ಚೀಲಗಟ್ಟಲೆ ಸುರಿದಿರ್ತಾರ, ಹಮಾಲರು ತಲಿಮ್ಯಾಲೆ ಬುಟ್ಟಿ ಇಟ್ಕೊಂಡು ಓಡ್ತಿರ್ತಾರ. ಬದಿಗೆ ಸರದು ನಿಂದ್ರಿ, ದಾರಿ ನಡಕ್ಕ ನಿಂತು ಫೋಟೋ ತೆಗದ್ರ ಬೈಸ್ಕೋತೀರಿ.

ನಾಷ್ಟಾ ಮಾಟುಂಗಾದಾಗ. ದಾದರ್‌ನ ಮಧ್ಯ ರೈಲ್ವೆ ಸ್ಲೋ ಗಾಡಿಗೆ ಮುಂದಿನ ಸ್ಟೇಷನ್. ಇಲ್ಲಿ ಹೊಸಬರು ಎಡವೋದು ಎರಡು ಕಡೆ. ಫಾಸ್ಟ್ ಗಾಡಿ ಮಾಟುಂಗಾಕ್ಕ ನಿಂದ್ರಂಗಿಲ್ಲ. ಮತ್ತ ಮಾಟುಂಗಾ ಬ್ಯಾರೆ, ಮಾಟುಂಗಾ ರೋಡ್ ಬ್ಯಾರೆ. ಎರಡನೇದು ಪಶ್ಚಿಮ ರೈಲ್ವೆಯದು. ಕೆಫೆ ಮದ್ರಾಸ್ ಅಂಥ ಉಡುಪಿ ಹೋಟೆಲ್‌ಗೆ 8ರ ಒಳಗ ಹೋದ್ರ ಕೂಡಲೇ ಜಾಗ, 9 ದಾಟಿದ್ರ ಹೊರಗ ಹೆಸರು ಬರೆಸಿ ನಿಲ್ಲಬೇಕು. ಕನ್ನಡದಾಗೇ ಆರ್ಡರ್ ಕೊಡ್ರಿ, ಬಹಳ ಕಡೆ ನಡೀತದ.

ಏಲಕ್ಕಿ ಹಾರ

ಲೋಕಲ್ ರೈಲಿನ ಬಗ್ಗೆ ಬಿಡಿಸಿ ಹೇಳ್ರಿ. ಇಬ್ಬರೂ ಒಂದೇ ಡಬ್ಬಿಯೊಳಗ ಹತ್ತಬೇಕೋ, ಹೆಣ್ಮಕ್ಕಳು ಲೇಡೀಸ್ ಡಬ್ಬಿಗೇ ಹೋಗಬೇಕೋ?

ಮಾಟುಂಗಾ ಪೂರ್ವ

ಗದ್ದಲ ಇಲ್ಲದ ಹೊತ್ತಿಗೆ ಇಬ್ಬರೂ ಜನರಲ್ ಡಬ್ಬಿಯೊಳಗ ಕೂಡೇ ಹೋಗ್ರಿ, ಯಾರೂ ಏನೂ ಅನ್ನಂಗಿಲ್ಲ. ಗದ್ದಲದ ಹೊತ್ತು ಅಂದ್ರ ಬೆಳಿಗ್ಗೆ 8ರಿಂದ 11 ದಕ್ಷಿಣಕ್ಕ ಹೋಗೋ ಗಾಡಿ, ಸಂಜಿ 5ರಿಂದ 9 ಉತ್ತರಕ್ಕ ಹೋಗೋ ಗಾಡಿ. ಆ ಹೊತ್ತಿನ್ಯಾಗ ಲೇಡೀಸ್ ಡಬ್ಬಿ ಬ್ಯಾರೆ ಹತ್ತಬೇಕಾದ್ರ, ಹತ್ತೋ ಮೊದಲ ಮೂರು ಮಾತು ಖಾತ್ರಿ ಮಾಡ್ಕೊಳ್ರಿ: ಯಾವ ಸ್ಟೇಷನ್‌ಗೆ ಇಳಿಯೋದು, ಒಬ್ಬರು ಹತ್ತಲಿಕ್ಕೆ ಆಗದಿದ್ರ ಇನ್ನೊಬ್ಬರು ಎಲ್ಲಿ ಕಾಯೋದು, ಟಿಕೆಟ್ ಯಾರ ಹತ್ರ. ಟಿಕೆಟ್ ಒಬ್ಬರ ಫೋನ್‌ನ್ಯಾಗ ಇದ್ದು ಇನ್ನೊಬ್ಬರು ಬ್ಯಾರೆ ಡಬ್ಬಿಯೊಳಗ ಸಿಕ್ಕಿಬಿದ್ರ ಟಿಸಿ ಕೇಳಂಗಿಲ್ಲ. ಅದಕ್ಕ ಇಬ್ಬರೂ ತಮ್ಮ ತಮ್ಮ ಟಿಕೆಟ್ ತಾವೇ ಇಟ್ಕೊಳ್ರಿ. ಟಿಕೆಟ್ ಇಲ್ಲದ್ರ ಕನಿಷ್ಠ ದಂಡ 250, ಮೇಲೆ ಬಾಡಿಗಿ. ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡದು ಫಸ್ಟ್ ಕ್ಲಾಸ್ ಹತ್ತಿದ್ರೂ ದಂಡ ತಪ್ಪಂಗಿಲ್ಲ. ಡಬ್ಬಿ ಮೈಮ್ಯಾಲಿನ ಪಟ್ಟಿ ನೋಡಿ ಹತ್ರಿ. ಎಸಿ ಲೋಕಲ್ ಟಿಕೆಟ್ಟೇ ಬ್ಯಾರೆ.

ರೈಲ್‌ವನ್ ಆ್ಯಪ್‌ನೊಳಗ ಟಿಕೆಟ್ ತೆಗೆಯೋರು ಸ್ಟೇಷನ್ ಹೊರಗ ನಿಂತಾಗಲೇ ತೆಗೀರಿ. ಪ್ಲಾಟ್‌ಫಾರ್ಮ್ ಮೇಲೆ ನಿಂತು ಪೇಪರ್‌ಲೆಸ್ ಟಿಕೆಟ್ ಒತ್ತಿದ್ರ ಬರಂಗಿಲ್ಲ. ಜಿಪಿಎಸ್ ತಡೀತದ. ಇದೆಲ್ಲ ಬ್ಯಾಡ ಅಂದ್ರ ಕೌಂಟರ್‌ನಾಗ ಟೂರಿಸ್ಟ್ ಪಾಸ್ ಕೇಳ್ರಿ, ಒಂದು, ಮೂರು, ಐದು ದಿನದ್ದು ಸಿಗ್ತಾವ. ಪದೇ ಪದೇ ಕ್ಯೂ ನಿಲ್ಲೋದು ತಪ್ತದ.

ಪ್ಲಾಟ್‌ಫಾರ್ಮ್ ಬೋರ್ಡ್‌ನ್ಯಾಗ ಎಫ್ ಅಂದ್ರ ಫಾಸ್ಟ್, ಎಸ್ ಅಂದ್ರ ಸ್ಲೋ. ಇಳಿಯೋ ಸ್ಟೇಷನ್‌ನ ಹಿಂದಿನ ಸ್ಟೇಷನ್ ಬಿಟ್ಟ ಕೂಡಲೇ ಬಾಗಲಕ್ಕ ಸರೀರಿ. ದಾದರ್‌ನಾಗ ಇಳಿಯೋ ಮೊದಲೇ ಹತ್ತೋರು ನುಗ್ತಾರ.

ಈಗ ಮುಖ್ಯ ಮಾತು. ನೀವು ರವಿವಾರ ಅಲ್ಲಿರ್ತೀರಿ. ರವಿವಾರ ಮೆಗಾ ಬ್ಲಾಕ್, ಹಳಿ-ತಂತಿ ದುರಸ್ತಿಗೆ ಸುಮಾರು 11ರಿಂದ 4ರ ತನಕ ಒಂದಷ್ಟು ಲೈನ್ ಬಂದ್ ಮಾಡ್ತಾರ. ಸ್ಲೋ ಗಾಡಿ ಫಾಸ್ಟ್ ಹಳಿ ಮೇಲೆ ಓಡ್ತದ, ಸಣ್ಣ ಸ್ಟೇಷನ್‌ನಾಗ ನಿಂದ್ರಂಗಿಲ್ಲ. ಯಾವ ಲೈನ್ ಅಂತ ಶನಿವಾರವೇ ಗೊತ್ತಾಗ್ತದ. ಅದಕ್ಕ ಲೋಕಲ್ ಮೇಲೆ ನಿಂತ ಓಡಾಟ ಶನಿವಾರಕ್ಕ ಇಟ್ಕೊಳ್ರಿ, ರವಿವಾರ ಮೆಟ್ರೋ 3, ಟ್ಯಾಕ್ಸಿ ನಂಬ್ರಿ. ಮೆಟ್ರೋ 3 ನೆಲದಡಿ ಗಾಡಿ, ಆರೆಯಿಂದ ಕಫ್ ಪರೇಡ್ ತನಕ 2025ರ ಅಕ್ಟೋಬರ್‌ನಿಂದ ಪೂರ್ತಿ ಓಡಾಕತ್ತದ, ಬಾಡಿಗಿ 10ರಿಂದ 70 ರೂಪಾಯಿ. ದಾದರ್, ಸಿದ್ಧಿವಿನಾಯಕ, ಗಿರಗಾಂವ್, ಸಿಎಸ್‌ಎಂಟಿ, ಹುತಾತ್ಮಾ ಚೌಕ್, ಚರ್ಚ್‌ಗೇಟ್ ಎಲ್ಲ ಒಂದೇ ಗೆರಿ ಮೇಲೆ. ನಿಮ್ಮ ಪಟ್ಟಿ ನೋಡೇ ಹಳಿ ಹಾಕ್ಯಾರೇನೋ ಅನ್ನೋಹಂಗ ಅದ.

ಉಣಕಲ್ ದಂಡಿ

ಆಟೋ ಹಿಡದು ಗೇಟ್‌ವೇಗೆ ಹೋದ್ರ ಎಷ್ಟಾಗತೈತ್ರಿ ಸರ್?

ಮಾಟುಂಗಾ ಪೂರ್ವ

ಆಟೋ ಬರಂಗೇ ಇಲ್ಲ. ಬಾಂದ್ರಾ ಮತ್ತ ಸಾಯನ್‌ನಿಂದ ದಕ್ಷಿಣಕ್ಕ ಆಟೋಕ್ಕ ಪರವಾನಿಗಿ ಇಲ್ಲ. ದಾದರ್‌ನಿಂದ ಆ ಕಡೆ ಎಲ್ಲ ಕರಿ-ಹಳದಿ ಟ್ಯಾಕ್ಸಿ. ಮೀಟರ್ ಮೊದಲ 1.5 ಕಿ.ಮೀಗೆ 31 ರೂಪಾಯಿ, ನಡುರಾತ್ರಿ 12ರಿಂದ 5ರ ತನಕ ಕಾಲು ಪಾಲು ಹೆಚ್ಚು. ಬೆಳಿಗ್ಗೆ ಐದೂವರಿಗೆ "ನೈಟ್ ಚಾರ್ಜ್" ಅಂದ್ರ ಕೊಡಬ್ಯಾಡ್ರಿ. ಸ್ಟೇಷನ್ ಬಾಗಿಲಕ್ಕ ಬಂದು "ಗೇಟ್‌ವೇ ಐನೂರು" ಅನ್ನೋರನ್ನ ಬಿಟ್ಟು ನೂರು ಹೆಜ್ಜಿ ನಡದು ರಸ್ತೆ ಮೇಲೆ ಓಡೋ ಟ್ಯಾಕ್ಸಿ ಕೈ ಮಾಡ್ರಿ. ಬೆಸ್ಟ್ ಬಸ್ಸೂ ಅಗ್ಗ, ಕನಿಷ್ಠ 10 ರೂಪಾಯಿ, ಎಸಿ 12. ಸಿಎಸ್‌ಎಂಟಿಯಿಂದ ನರೀಮನ್ ಪಾಯಿಂಟ್‌ನ ಎನ್‌ಸಿಪಿಎ ರಂಗಮಂದಿರದ ಕಡೆ ಹೋಗೋ ಎ-115 ಎಸಿ ಡಬಲ್ ಡೆಕ್ಕರ್, ಮ್ಯಾಲಿನ ಮಾಳಿಗಿ ಮುಂದಿನ ಸೀಟು ಸಿಕ್ರ ಅದ ಒಂದು ದರ್ಶನ.

ಸಾಧನಕೇರಿ

ಎಲಿಫೆಂಟಾ ಶನಿವಾರ ಬೆಳಿಗ್ಗೆಯೇ ಮುಗಿಸಿ. ಗೇಟ್‌ವೇಯಿಂದ ಬೋಟ್ 9ರ ಸುಮಾರಿಗೆ ಶುರು, ಹೋಗಲು ಒಂದು ತಾಸು. ಮಧ್ಯಾಹ್ನ 2ರ ಮೇಲೆ ಆ ಕಡೆ ಹೋಗುವ ಬೋಟ್ ಸಿಗುವುದಿಲ್ಲ. ಸೋಮವಾರ ಗುಹೆಗಳು ಬಂದ್. ರಜೆ ರವಿವಾರ-ಸೋಮವಾರ ಇರುವವರು ಇದನ್ನು ಮರೆತು ಗೇಟ್‌ವೇಯಲ್ಲಿ ನಿಂತು ಪೇಚಾಡುತ್ತಾರೆ.

ಹಣ ಮೂರು ಕಡೆ ಕೊಡಬೇಕು: ಬೋಟ್‌ಗೆ, ದ್ವೀಪದ ಗ್ರಾಮ ಪಂಚಾಯತಿಗೆ ಸಣ್ಣ ಕರ, ಪುರಾತತ್ವ ಇಲಾಖೆಗೆ ಒಬ್ಬರಿಗೆ 40 ರೂಪಾಯಿ. ಬೋಟ್ ಟಿಕೆಟ್ ಹೋಗಿ-ಬರುವುದಕ್ಕೆ ಸೇರಿಯೇ ಇರುತ್ತದೆ. ವಾಪಸ್ ಬರುವಾಗ ಕೇಳುತ್ತಾರೆ, ಎಸೆಯಬೇಡಿ. ಲೈಫ್ ಜಾಕೆಟ್ ಕೊಡದಿದ್ದರೆ ಕೇಳಿ ಹಾಕಿಕೊಳ್ಳಿ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಪ್ರಯಾಣಿಕರ ಬೋಟ್‌ಗೆ ನೌಕಾಪಡೆಯ ದೋಣಿ ಬಡಿದು ಜನ ಸತ್ತರು. ಮಳೆಗಾಲದಲ್ಲಿ ಅಲೆ ಜೋರಾದ ದಿನ ಬೋಟ್ ಬಿಡುವುದಿಲ್ಲ, ಬಿಟ್ಟರೂ ತಲೆ ತಿರುಗುವವರು ಹತ್ತಬೇಡಿ.

ಇಳಿದಮೇಲೆ ಉದ್ದನೆಯ ಕಟ್ಟೆ, ಅದರ ಮೇಲೆ ಪುಟಾಣಿ ರೈಲು. ನಡೆಯಬಲ್ಲವರಿಗೆ ಅದು ಬೇಕಿಲ್ಲ. ಆಮೇಲೆ ಸುಮಾರು 120 ಮೆಟ್ಟಿಲು, ಎರಡೂ ಬದಿ ಅಂಗಡಿ. ಮಂಗಗಳಿವೆ. ತಿಂಡಿ ಪೊಟ್ಟಣ, ಬಣ್ಣದ ಪಾನೀಯದ ಬಾಟಲಿ ಕೈಯಲ್ಲಿ ಹಿಡಿದು ಹೋದರೆ ಕಸಿಯುತ್ತವೆ. ಬ್ಯಾಗಿನೊಳಗೆ ಇಡಿ.

ದೊಡ್ಡ ಗುಹೆಯ ಬಾಗಿಲು ಉತ್ತರಕ್ಕೆ, ಮೂರು ಮುಖದ ಸದಾಶಿವ ಒಳಗೆ ದಕ್ಷಿಣ ಗೋಡೆಯಲ್ಲಿ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಬರೀ ಕತ್ತಲೆ ಕಾಣುತ್ತದೆ. ಜನ ಅಲ್ಲೇ ಫೋನ್ ಎತ್ತಿ ಒಂದು ಫೋಟೋ ಹೊಡೆದು ತಿರುಗಿಬಿಡುತ್ತಾರೆ. ಒಂದು ಕಂಬಕ್ಕೆ ಒರಗಿ ಐದು ನಿಮಿಷ ನಿಲ್ಲಿ. ಮೊದಲು ನಡುವಿನ ಮುಖದ ತುಟಿ, ಆಮೇಲೆ ನಮ್ಮ ಎಡಕ್ಕಿರುವ ಅಘೋರನ ಗಂಟಿಕ್ಕಿದ ಹುಬ್ಬು, ಬಲಕ್ಕೆ ವಾಮದೇವನ ಹೆಣ್ಣು ಮುಖ, ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಎತ್ತರ ಐದೂವರೆ ಮೀಟರ್ ಹತ್ತಿರ. ಅದರ ಎಡ ಬದಿಗೇ ಅರ್ಧನಾರೀಶ್ವರ. ಶಿವ-ಪಾರ್ವತಿಯ ಮದುವೆಯ ಕಲ್ಯಾಣಸುಂದರ ಫಲಕವನ್ನು ಹುಡುಕಿ ನೋಡಿ. ನಾಚಿ ಪಕ್ಕಕ್ಕೆ ವಾಲಿದ ಪಾರ್ವತಿಯನ್ನು ಆ ಶಿಲ್ಪಿ ಎಷ್ಟು ಅರಿತಿದ್ದ ಅನಿಸುತ್ತದೆ.

ಬಾದಾಮಿ ಕಂಡವರಿಗೆ ಇದು ಬೇರೆ ರೀತಿ ರುಚಿಸುತ್ತದೆ. ಬಾದಾಮಿಯ ಮೂರನೇ ಗುಹೆಯ ಶಾಸನ 578ರದು. ಎಲಿಫೆಂಟಾ ಕೂಡ ಆರನೇ ಶತಮಾನದ ಕೆಲಸ ಎಂದು ಬಹುತೇಕ ವಿದ್ವಾಂಸರ ಮತ. ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ 634ರ ಶಾಸನ, ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದ ಎನ್ನುತ್ತದೆ. ಆ ಪುರಿ ಈ ದ್ವೀಪವೇ ಎನ್ನುವ ವಾದ ಇದೆ, ಒಪ್ಪದವರೂ ಇದ್ದಾರೆ. ಬೋಟಿನಲ್ಲಿ ಒಂದು ತಾಸು ಕೂತಾಗ ಯೋಚಿಸಲು ಒಳ್ಳೆಯ ವಿಷಯ.

ಮಾಟುಂಗಾ ಪೂರ್ವ

ಸರ್ ಹೇಳಿದ್ದು ಸರಿ. 9ಕ್ಕ ಹೋದ್ರ 2ರ ಹೊತ್ತಿಗೆ ಗೇಟ್‌ವೇಗೆ ವಾಪಸ್. ಊಟ ಮುಗಿಸಿ ಅಲ್ಲೇ ಹತ್ತು ನಿಮಿಷ ನಡದ್ರ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಸಂಜಿ 6ಕ್ಕ ಮುಚ್ತದ. ಎಲ್ಲ ಮಹಡಿ ನೋಡ್ತೀನಂತ ಹೋದ್ರ ಕಾಲು ಹೋಗ್ತಾವ, ಕೆಳಗಿನ ಶಿಲ್ಪದ ಗ್ಯಾಲರಿ, ಮ್ಯಾಲಿನ ಮಿನಿಯೇಚರ್ ವರ್ಣಚಿತ್ರ ನೋಡಿ ಹೊರಗ ಬರ್ರಿ.

ಅಲ್ಲಿಂದ ಕಾಲಾ ಘೋಡಾ, ಓವಲ್ ಮೈದಾನ. ಮೈದಾನದ ನಡುವ ನಿಂತ್ರ ಒಂದು ಬದಿಗೆ ಹೈಕೋರ್ಟ್, ರಾಜಾಬಾಯಿ ಗಡಿಯಾರ ಗೋಪುರದ ಗಾಥಿಕ್ ಸಾಲು, ಎದುರು ಬದಿಗೆ ಆರ್ಟ್ ಡೆಕೋ ಮನಿಗಳು. ಎರಡೂ ಸಾಲು ಸೇರಿಸಿ 2018ರಾಗ ಯುನೆಸ್ಕೋ ಪಟ್ಟಿಗೆ ಬಂದಾವ. ಮೈದಾನ ದಾಟಿ ಚರ್ಚ್‌ಗೇಟ್ ಮೇಲೆ ಹಾಯ್ದ್ರ ಮರೀನ್ ಡ್ರೈವ್, ಹೊತ್ತು ಮುಳುಗೋ ಅರ್ಧ ತಾಸು ಮುಂಚೆ ಕಟ್ಟಿ ಮೇಲೆ ಕೂಡ್ರಿ. ರಾತ್ರಿ ಸಿಎಸ್‌ಎಂಟಿಗೆ ಬಂದು ಲೋಕಲ್ ಹಿಡೀರಿ. ಸ್ಟೇಷನ್ನಿನ ಪೂರ್ತಿ ಮುಖ ಕಾಣಬೇಕಂದ್ರ ಎದುರಿನ ಮಹಾನಗರ ಪಾಲಿಕೆ ಕಟ್ಟಡದ ಮೂಲಿ ಸರಿ, ರಸ್ತೆ ದಾಟ್ಲಿಕ್ಕೆ ಸಬ್‌ವೇ ಅದ. ಸ್ಟೇಷನ್ ಬದಿಗೇ ಜನರಲ್ ಪೋಸ್ಟ್ ಆಫೀಸ್ ನೋಡ್ರಿ. 1913ರ ಕಟ್ಟಡ, ಅದರ ಗುಮ್ಮಟ ವಿಜಯಪುರದ ಗೋಳಗುಮ್ಮಟದ ಮಾದರಿ. ನಮ್ಮ ಕಡೆಯವರು ಅದರ ಮುಂದ ಹಾದು ಹೋಗಿಯೂ ತಲಿ ಎತ್ತಂಗಿಲ್ಲ.

ಗದಗ ಬೆಟಗೇರಿ

ಸೀರಿ ಮಾತು ನಾ ಹೇಳ್ತೀನಿ. ಇಳಕಲ್, ಗುಳೇದಗುಡ್ಡದ ಖಣ ಅಲ್ಲಿ ಕೊಳ್ಳೋದು ರೊಕ್ಕ ಹೆಚ್ಚಾದವರ ಕೆಲಸ. ಮುಂಬೈಯಾಗ ತಗೊಳ್ಳೋದಾದ್ರ ಪೈಠಣಿ ತಗೊಳ್ರಿ, ಆದ್ರ ಸೆರಗು ತಿರುವಿ ನೋಡ್ದ ತಗೋಬ್ಯಾಡ್ರಿ. ಕೈಮಗ್ಗದ ಪೈಠಣಿಯೊಳಗ ನವಿಲು, ಕಮಲ ಒಂದೊಂದು ಬಣ್ಣದ ದಾರ ಬ್ಯಾರೆ ಬ್ಯಾರೆ ಸಣ್ಣ ಕಂಡಿಕಿಯಿಂದ ಹೆಣದಿರ್ತಾರ, ಬಣ್ಣ ಬದಲಾಗೋ ಅಂಚಿನ್ಯಾಗ ದಾರಕ್ಕ ದಾರ ಕೊಂಡಿ ಹಾಕಿರ್ತಾರ. ಹಿಂಗಾಗಿ ಮುಂದ ಹೆಂಗೈತೋ ಹಿಂದೂ ಹಂಗ ಕಾಣತೈತಿ. ಮಶೀನ್‌ನದು ಆದ್ರ ಹಿಂದ ಉದ್ದುದ್ದ ದಾರ ಜೋತಾಡ್ತಿರ್ತಾವ, ಇಲ್ಲ ಕತ್ತರಿಸಿ ಚುಚ್ಚೋಹಂಗ ಬಿಟ್ಟಿರ್ತಾರ. "ಸೆಮಿ ಪೈಠಣಿ" ಅಂದ್ರ ಮಶೀನ್‌ನದು. ಅದೇನ್ ಮೋಸ ಅಲ್ಲ, ಆದ್ರ ಅದರ ರೇಟಿಗೇ ಸಿಗಬೇಕು. ಕೈಮಗ್ಗ ಅಂತ ಹೇಳಿ ಮಾರಿದ್ರ ಹ್ಯಾಂಡ್‌ಲೂಮ್ ಮಾರ್ಕ್, ಸಿಲ್ಕ್ ಮಾರ್ಕ್ ಚೀಟಿ ಕೇಳ್ರಿ.

ಮಂಗಲದಾಸ್ ಮಾರ್ಕೆಟ್ ರವಿವಾರ ಬಂದ್. ನಿಮ್ಮ ಶನಿವಾರ ಪೂರ್ತಿ ತುಂಬೈತಿ, ಅದಕ್ಕ ಸೀರಿ ದಾದರ್‌ನಾಗ, ರವಿವಾರ ಸಂಜಿಕ್ಕ.

ಮಾಟುಂಗಾ ಪೂರ್ವ

ರವಿವಾರದ ದಾರಿ: ಸಿದ್ಧಿವಿನಾಯಕ ಬೆಳಿಗ್ಗೆ. ಮಂಗಳವಾರ ಅಲ್ಲ ಅನ್ನೋದೇ ಪುಣ್ಯ, ಮಂಗಳವಾರದ ಸಾಲು ನೋಡಿದ್ರ ಎದಿ ಒಡೀತದ. ತುಂಡು ಬಟ್ಟಿ ಹಾಕ್ಕೊಂಡು ಬಂದವರಿಗೆ 2025ರಿಂದ ಒಳಗ ಬಿಡಂಗಿಲ್ಲ. ಅಲ್ಲಿಂದ ಟ್ಯಾಕ್ಸಿಗೆ ಮಹಾಲಕ್ಷ್ಮಿ, ಹಾಜಿ ಅಲಿ. ಎರಡೂ ಹತ್ತಿರ.

ಹಾಜಿ ಅಲಿಗೆ ಹೋಗೋ ದಾರಿ ಸಮುದ್ರದ ನಡುವ ತಗ್ಗಿನ್ಯಾಗ ಅದ, ಭರತಿ ಬಂದ್ರ ಮುಳುಗ್ತದ. ಪಂಚಾಂಗ ನೋಡೋ ಮಂದಿಗೆ ಸಸಾರ ಲೆಕ್ಕ: ಹುಣ್ಣಿವಿ-ಅಮಾಸಿ ಆಸುಪಾಸಿನ ದಿನ ಮುಂಬೈಯೊಳಗ ದೊಡ್ಡ ಭರತಿ ಮಧ್ಯಾಹ್ನ 12-1ರ ಸುಮಾರಿಗೆ, ಇಳಿತ ಸಂಜಿ 6-7ಕ್ಕ. ದಿನಾ ಮುಕ್ಕಾಲು ತಾಸಿಗಿಂತ ಸ್ವಲ್ಪ ಹೆಚ್ಚು ಮುಂದ ಹೋಗ್ತದ. ಅಷ್ಟಮಿ ಹೊತ್ತಿಗೆ ಭರತಿ ಸಣ್ಣದು. ಹುಣ್ಣಿವಿ ದಿನ 11ಕ್ಕ ಒಳಗ ಹೋದ್ರ ನೀರು ಇಳಿಯೋ ತನಕ ಅಲ್ಲೇ ಕೂಡಬೇಕಾಗ್ತದ.

ಮಧ್ಯಾಹ್ನಕ್ಕ ಮಲಬಾರ್ ಹಿಲ್. ಹ್ಯಾಂಗಿಂಗ್ ಗಾರ್ಡನ್ ಹೆಸರು ದೊಡ್ಡದು, ಒಳಗ ಹೋದ್ರ ಒಂದು ಉದ್ಯಾನ ಅಷ್ಟ. ಅದಕ್ಕಿಂತ 2025ರಾಗ ತೆರದ ಕಟ್ಟಿಗಿ ಹಾದಿ ಛೊಲೋ, ಗಿಡಗಳ ನಡುವ ಎತ್ತರದಾಗ 485 ಮೀಟರ್. 25 ರೂಪಾಯಿ ಟಿಕೆಟ್, ಹೊತ್ತು ಆರಿಸಿ ಆನ್‌ಲೈನ್ ಮೊದಲೇ ತೆಗೀಬೇಕು. ರವಿವಾರದ ಸ್ಲಾಟ್ ಬೇಗ ತುಂಬ್ತಾವ. ಕೆಳಗ ಇಳದ್ರ ಗಾಮದೇವಿಯೊಳಗ ಮಣಿ ಭವನ, 1917ರಿಂದ 1934ರ ತನಕ ಗಾಂಧೀಜಿ ಮುಂಬೈಗೆ ಬಂದಾಗ ಇರ್ತಿದ್ದ ಮನಿ.

ಸೀ ಲಿಂಕ್ ಮೇಲೆ ನಡಿಲಿಕ್ಕೆ ಬಿಡಂಗಿಲ್ಲ, ಟ್ಯಾಕ್ಸಿಯೊಳಗ ಹೋದ್ರ ಟೋಲ್ ನಿಮ್ಮದು. ದಾದರ್ ಚೌಪಾಟಿಗೆ ಹೋದ್ರ ಪುಕ್ಕಟೆ ಕಾಣ್ತದ. ಬದಿಗೇ ಚೈತ್ಯಭೂಮಿ, ಬಾಬಾಸಾಹೇಬ ಅಂಬೇಡ್ಕರ್ ಅವರ ಸಮಾಧಿ. ಡಿಸೆಂಬರ್ 6ರ ಹಿಂದ-ಮುಂದ ಲಕ್ಷಗಟ್ಟಲೆ ಮಂದಿ ಅಲ್ಲಿಗೆ ಬರ್ತಾರ, ದಾದರ್‌ನಾಗ ರೂಮೂ ಸಿಗಂಗಿಲ್ಲ, ಗಾಡಿಯೊಳಗ ಜಾಗಾನೂ ಇರಂಗಿಲ್ಲ. ಬರೇ ಊರು ನೋಡೋ ಟ್ರಿಪ್ ಆದ್ರ ಆ ವಾರ ಬಿಡ್ರಿ.

ಏಲಕ್ಕಿ ಹಾರ

ಶಾಖಾಹಾರಿಗಳಿಗೆ ಒಂದು ಮಾತು: ಇರಾನಿ ಹೋಟೆಲ್‌ನ ಬ್ರುನ್ ಮಸ್ಕಾ (ಬೆಣ್ಣಿ ಸವರಿದ ಗಟ್ಟಿ ಬ್ರೆಡ್ಡು), ಚಹಾ ನಡೀತೈತಿ. ಮಾವಾ ಕೇಕು, ಕ್ಯಾರಮೆಲ್ ಕಸ್ಟರ್ಡ್‌ನಾಗ ತತ್ತಿ ಇರ್ತೈತಿ. ಹೆಸರು ನೋಡಿ ಖೋವಾದ್ದು ಅಂತ ತಿನ್ನಬ್ಯಾಡ್ರಿ.

ಮಾಟುಂಗಾ ಪೂರ್ವ

ಹೌದ್ರಿ ಅಕ್ಕಾರ. ಬಾಳಿ ಎಲಿ ಊಟ ಬೇಕಂದ್ರ ಮಾಟುಂಗಾ ಸ್ಟೇಷನ್ ಎದುರಿಗೆ ಮಾರ್ಕೆಟ್ ಕಟ್ಟಡದ ಮ್ಯಾಲಿನ ಮಾಳಿಗಿಯೊಳಗ ರಾಮಾ ನಾಯಕರ ಉಡುಪಿ, 1942ರಿಂದ ಅದ. ಸೋಮವಾರ ಬಂದ್. ರವಿವಾರ ಮಧ್ಯಾಹ್ನ ಸಾಲು ಮೆಟ್ಟಿಲ ತನಕ ಬರ್ತದ, ಅದಕ್ಕ ಶನಿವಾರ ರಾತ್ರಿ ಊಟಕ್ಕ ಹೋಗ್ರಿ.

ಉಣಕಲ್ ದಂಡಿ

ಕೊನೀದು. ರವಿವಾರ ರಾತ್ರಿ ದಾದರ್‌ನಾಗ ಯಾವ ಪ್ಲಾಟ್‌ಫಾರ್ಮ್? ಸೋಮವಾರ ಎಷ್ಟಕ್ಕ ಹುಬ್ಬಳ್ಳಿ?

ಲೋಂಡಾ ಲೈನ್

17318 ರಾತ್ರಿ ಬಿಟ್ಟು ಸೋಮವಾರ ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿ. ಆಫೀಸಿಗೆ ರಜೆ ಹಾಕಿಯೇ ಹೋಗಿ. ದಾದರ್‌ನಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ 2023ರ ಡಿಸೆಂಬರ್‌ನಲ್ಲಿ ಬದಲಾಗಿದೆ: 1ರಿಂದ 7 ಪಶ್ಚಿಮ ರೈಲ್ವೆ, 8ರಿಂದ 14 ಮಧ್ಯ ರೈಲ್ವೆ. ನಮ್ಮ ಗಾಡಿ ಮಧ್ಯ ರೈಲ್ವೆಯ ಬದಿ. ಹಳೇ ವಿಡಿಯೋ ನೋಡಿ "4ನೇ ಪ್ಲಾಟ್‌ಫಾರ್ಮ್" ಅಂತ ಹೋದರೆ ವಿರಾರ್ ಕಡೆಯ ಲೋಕಲ್ ನಿಂತಿರುತ್ತದೆ. ಸೀರೆ ಅಂಗಡಿಯಿಂದ ಬರುವವರು ಸೇತುವೆಯ ಗದ್ದಲ ದಾಟಬೇಕು, ರವಿವಾರ ಸಂಜೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕ್ಲೋಕ್ ರೂಮಿನಿಂದ ಬ್ಯಾಗ್ ಬಿಡಿಸುವ ಹೊತ್ತೂ ಸೇರಿಸಿ ಒಂದು ತಾಸು ಮುಂಚೆ ಸ್ಟೇಷನ್ನಿನಲ್ಲಿರಿ.

ಮಾಟುಂಗಾ ಪೂರ್ವ

ರಾತ್ರಿ ಬುತ್ತಿ ಮಾಟುಂಗಾದಿಂದ ಕಟ್ಟಿಸ್ಕೊಂಡ ಹೋಗ್ರಿ, ಆ ಗಾಡಿಯೊಳಗ ಊಟ ಸಿಗ್ತದಂತ ನಂಬಬ್ಯಾಡ್ರಿ. ಇಡ್ಲಿಗೆ ಚಟ್ನಿ ಬ್ಯಾಡ, ಚಟ್ನಿಪುಡಿ ಕೇಳ್ರಿ. ತೆಂಗಿನ ಚಟ್ನಿ ಕಲ್ಯಾಣ ದಾಟೋದ್ರೊಳಗ ಹಳಸಿರ್ತದ.